ನನ್ನ ಅಳತೆಯ ಪಟರ್ ಸಿಗಲು ಎರಡು ವರ್ಷ ಹಿಡಿಯಿತು

ಹೇಳಿದ ಹೊತ್ತಿಗೆ ಸರಿಯಾಗಿ ಮಾರಾಟ ಶುರುವಾಯಿತು. ನನಗೆ ಬೇಕಿದ್ದ ಗಾಲ್ಫ್ ಪಟರ್ ಪರದೆ ಮೇಲೆ ಕಣ್ಣೆದುರೇ ಇತ್ತು. ಕಾರ್ಬನ್ ಸ್ಟೀಲ್, ಮಾಸಲು ಕಪ್ಪು ಬಣ್ಣ, ಹಿಂಬದಿಯಲ್ಲಿ ಕೈಯಲ್ಲಿ ಕುಟ್ಟಿದ ಸಣ್ಣ ಗುರುತು. ಉದ್ದ ಎಷ್ಟು ಬೇಕು ಅಂತ ಕೇಳಿತು. 34 ಇಂಚೋ, 33 ಇಂಚೋ? ಒಂದು ಕ್ಷಣ ಯೋಚಿಸಿದೆ. ಆರಿಸಿ ಒತ್ತುವಷ್ಟರಲ್ಲಿ ಎಲ್ಲ ಖಾಲಿ. ಎರಡು ನಿಮಿಷವೂ ಆಗಿರಲಿಲ್ಲ. ಹೀಗೆ ಕೈತಪ್ಪಿದ್ದು ಅದು ಮೂರನೆಯದು.

ಅವತ್ತು ರಾತ್ರಿ ನನ್ನನ್ನು ಕಾಡಿದ್ದು ಪಟರ್ ಹೋಯಿತಲ್ಲ ಎನ್ನುವುದಕ್ಕಿಂತ ಬೇರೆ ವಿಷಯ. ಎರಡು ವರ್ಷ ದುಡ್ಡು ಕೂಡಿಟ್ಟಿದ್ದೇನೆ, ಆದರೆ ನನಗೆ ಎಷ್ಟು ಉದ್ದದ ಪಟರ್ ಬೇಕು ಅನ್ನೋದು ಮಾತ್ರ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಆ ಒಂದು ಕ್ಷಣ ಉಳಿಯುತ್ತಿತ್ತು. ಮುಂದಿನದೆಲ್ಲ ಶುರುವಾಗಿದ್ದು ಅಲ್ಲಿಂದ.

ಗಾಲ್ಫ್ ಆಡದವರಿಗೆ ಒಂದು ಮಾತು. ಚೆಂಡು ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ, ತಲುಪಿದ ಮೇಲೆ ಅದನ್ನು ಕುಳಿಯ ಕಡೆ ಉರುಳಿಸುವ ಕೋಲೇ ಪಟರ್. ಪಾರ್ 72ರ ಅಂಗಳ ಎಂದರೆ 18 ಕುಳಿಗೆ 72 ಹೊಡೆತ ನಿಗದಿ. ಅದರಲ್ಲಿ ಒಂದೊಂದು ಕುಳಿಗೆ ಎರಡು ಪಟ್ ಅಂತ ಲೆಕ್ಕ ಹಿಡಿದಿರುತ್ತಾರೆ. ಅಂದರೆ ಒಟ್ಟು ಹೊಡೆತದಲ್ಲಿ ಅರ್ಧ, 36. ಚೀಲದಲ್ಲಿ 14 ಕ್ಲಬ್ ಇದ್ದರೂ ಅತಿ ಹೆಚ್ಚು ಸಲ ಕೈಗೆ ಬರುವುದು ಇದೊಂದೇ. ಜನ ಇದರ ಮೇಲೆ ಇಷ್ಟು ಜೀವ ಇಟ್ಟುಕೊಳ್ಳುವುದು ಸುಮ್ನೆ ಅಲ್ಲ.

ಹಾಗಿದ್ದರೂ ಒಂದು ಉಕ್ಕಿನ ತುಂಡಿಗೆ ಅಷ್ಟೊಂದು ಬೆಲೆ ಯಾಕೆ? ಇದಕ್ಕೆ ಉತ್ತರ ಹುಡುಕುತ್ತಾ ನಾನು ಕಾರ್ಸ್ಟನ್ ಸೋಲ್‌ಹೈಮ್ ಅವರ ಕಥೆಗೆ ಬಂದು ಮುಟ್ಟಿದೆ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು. 1959ರಲ್ಲಿ ತಮ್ಮ ಮೊದಲ ಪಟರ್ ಮಾಡಿದರು. ಚೆಂಡಿಗೆ ತಾಗಿದಾಗ ಬರುತ್ತಿದ್ದ ಸದ್ದನ್ನೇ ಹೆಸರು ಮಾಡಿ ‘ಪಿಂಗ್’ ಅಂದರು. 1966ರಲ್ಲಿ ಹೊಸದೊಂದು ಆಕಾರ ಹೊಳೆಯಿತು. ಕೈಗೆ ಸಿಕ್ಕ ಗ್ರಾಮಫೋನ್ ರೆಕಾರ್ಡಿನ ಹೊದಿಕೆ ಮೇಲೆ ಅದನ್ನು ಬರೆದರು. ಅದೇ ‘ಆನ್ಸರ್’. ತೂಕವನ್ನೆಲ್ಲ ಚೆಂಡಿಗೆ ತಾಗುವ ಭಾಗದ, ಅಂದರೆ ಹೆಡ್‌ನ ಎರಡು ತುದಿಗೆ ಸರಿಸಿದ್ದರು. ಹಾಗಾಗಿ ಚೆಂಡು ನಡುವಿಗೆ ಸರಿಯಾಗಿ ತಾಗದಿದ್ದರೂ ಹೆಡ್ ಜಾಸ್ತಿ ತಿರುಗುತ್ತಿರಲಿಲ್ಲ. ಕೋಲಿನ ದಂಡ, ಅಂದರೆ ಶಾಫ್ಟ್, ಕೂರುವ ಕತ್ತು ನಲ್ಲಿ ಕೊಳವೆಯ ಹಾಗೆ ಬಾಗಿತ್ತು. ಇವತ್ತು ದುಬಾರಿ ಬ್ಲೇಡ್ (ತೆಳು ಹೆಡ್‌ನ) ಪಟರ್ ಅಂತ ನೀವು ನೋಡುವ ಬಹುಪಾಲು ಹೆಡ್‌ಗಳು ಆ ಆಕಾರದ ಮಕ್ಕಳು, ಮೊಮ್ಮಕ್ಕಳು.

ಹಾಗಾದರೆ ಜಾಸ್ತಿ ದುಡ್ಡು ಕೊಡುವುದು ಆಕಾರಕ್ಕಲ್ಲ. ಮೊದಲಿಗೆ, ಮಾಡುವ ರೀತಿಗೆ. ಅಗ್ಗದ ಹೆಡ್‌ಗಳನ್ನು ಅಚ್ಚಿಗೆ ಲೋಹ ಸುರಿದು ಮಾಡುತ್ತಾರೆ. ಇವನ್ನು ಒಂದೇ ಗಟ್ಟಿ ಉಕ್ಕಿನ ತುಂಡಿನಿಂದ ಯಂತ್ರದಲ್ಲಿ ಕೊರೆದು, ಆಮೇಲೆ ಕೈಯಲ್ಲಿ ಉಜ್ಜಿ ತಿದ್ದುತ್ತಾರೆ. ಎರಡನೆಯದು, ಹೆಸರು. 1993ರಲ್ಲಿ ಬರ್ನ್‌ಹಾರ್ಡ್ ಲ್ಯಾಂಗರ್ ಮಾಸ್ಟರ್ಸ್ ಪಂದ್ಯಾವಳಿ ಗೆದ್ದಾಗ ಅವರ ಕೈಯಲ್ಲಿದ್ದದ್ದು ಸ್ಕಾಟಿ ಕ್ಯಾಮರಾನ್ ಮಾಡಿದ ಪಟರ್. ಟೈಗರ್ ವುಡ್ಸ್ ಗೆದ್ದ, ಗಾಲ್ಫ್‌ನ ಅತಿ ದೊಡ್ಡ ಪಂದ್ಯಾವಳಿಗಳಾದ 15 ಮೇಜರ್‌ಗಳಲ್ಲಿ 14 ಬಂದದ್ದು ಕ್ಯಾಮರಾನ್ ಮಾಡಿದ ಒಂದೇ ನ್ಯೂಪೋರ್ಟ್ 2 ಪಟರ್‌ನಿಂದ. ಅದಕ್ಕೆ ಜೊತೆಯಾಗಿ ಮೀಸಲಿಗೆ ಮಾಡಿಸಿದ್ದ ಒಂದು ಪಟರ್ 2021ರ ಹರಾಜಿನಲ್ಲಿ 3,93,300 ಡಾಲರ್‌ಗೆ ಹೋಯಿತು. ಮೂರನೆಯದು, ಕಡಿಮೆ ಸಂಖ್ಯೆ. ವೃತ್ತಿಪರ ಆಟಗಾರರಿಗೆಂದು ಮಾಡಿದ, ವೃತ್ತದೊಳಗೆ ‘ಟಿ’ ಗುರುತಿರುವ ಕ್ಯಾಮರಾನ್ ಪಟರ್‌ಗಳನ್ನು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಸಣ್ಣ ತಯಾರಕರು ಕೆಲವೇ ಕೆಲವು ಮಾಡಿ, ದಿನ ಮತ್ತು ಹೊತ್ತು ಮೊದಲೇ ಹೇಳಿ ಮಾರಾಟಕ್ಕಿಡುತ್ತಾರೆ. ಇದಕ್ಕೇ ‘ಡ್ರಾಪ್’ ಅನ್ನುವುದು. ಬೇಡಿಕೆ ತೀರಾ ಜಾಸ್ತಿ ಇದ್ದರೆ ಚೀಟಿ ಎತ್ತುತ್ತಾರೆ.

ಮೊದಲನೆಯ ಕಾರಣಕ್ಕೆ ಎಷ್ಟು ಬೇಕಾದರೂ ಕೊಡಬಹುದು ಅನ್ನುವವನು ನಾನು. ಮೂರನೆಯದರ ಬಗ್ಗೆ ಹುಷಾರಾಗಿರಬೇಕು. ನಾನು ಜಾರಿದ್ದು ಅಲ್ಲೇ.

ಮೂರು ಡ್ರಾಪ್ ತಪ್ಪಿದ ಮೇಲೆ ತಾಳ್ಮೆ ಹೋಗಿತ್ತು. ಕೈಬದಲು ಮಾರಾಟದಲ್ಲಿ ಒಂದು ಮ್ಯಾಲೆಟ್ ಕಂಡಿತು. ಅಗಲ ಹೆಡ್, ಜೇನು ಬಣ್ಣದ ಮೆರುಗು, ಮಾಡಿದ್ದೇ ಬೆರಳೆಣಿಕೆಯಷ್ಟು. ಹೊಸದರ ಬೆಲೆಗಿಂತ ಜಾಸ್ತಿ ಕೊಟ್ಟೆ. ಮನೆಗೆ ಬಂದಾಗ ಅರ್ಧ ಗಂಟೆ ಸುಮ್ಮನೆ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಅಷ್ಟು ಚೆಂದ ಇತ್ತು. ಆದರೆ ಗ್ರೀನ್ ಮೇಲೆ ಆರು ಅಡಿಯ ಪಟ್‌ಗಳು ಒಂದಾದ ಮೇಲೊಂದು ಎಡಕ್ಕೆ ಹೋದವು. ಎರಡು ತಿಂಗಳು ನನ್ನನ್ನೇ ಬೈದುಕೊಂಡೆ. ಕೊನೆಗೆ ನಷ್ಟಕ್ಕೆ ಮಾರಿದೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಅದು ನನ್ನ ಕೈಗೆ ಮಾಡಿದ್ದಾಗಿರಲಿಲ್ಲ, ಅಷ್ಟೇ.

ಆಮೇಲೆ ನಾಲ್ಕು ತಿಂಗಳು ಏನನ್ನೂ ಕೊಳ್ಳಲಿಲ್ಲ. ಹಳೆಯ 35 ಇಂಚಿನ ಮಾಮೂಲಿ ಪಟರ್ ಹಿಡಿದು ನನ್ನ ಅಳತೆ ತೆಗೆದುಕೊಂಡೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ದುಡ್ಡಿಲ್ಲದೆ ಆಗುವ ಕೆಲಸ ಇದೊಂದೇ, ಹೆಚ್ಚಿನವರು ಬಿಡುವುದೂ ಇದನ್ನೇ.

ಮೊದಲು ಉದ್ದ. ಚೆಂಡಿನ ಮುಂದೆ ಎಂದಿನಂತೆ ನಿಂತು, ಮೂಗಿನ ಮೇಲ್ಭಾಗದಿಂದ, ಎರಡು ಕಣ್ಣಿನ ನಡುವಿನಿಂದ, ಇನ್ನೊಂದು ಚೆಂಡನ್ನು ಕೆಳಗೆ ಬಿಟ್ಟೆ. ಅದು ಕೆಳಗಿನ ಚೆಂಡಿನ ಮೇಲೋ, ಕಾಲಿನ ಕಡೆಗೆ ಸ್ವಲ್ಪ ಒಳಗೋ ಬೀಳಬೇಕು. ನನ್ನದು ನಾಲ್ಕು ಬೆರಳು ಒಳಗೆ ಬೀಳುತ್ತಿತ್ತು. ಅಂದರೆ ಕೋಲು ಉದ್ದವಾಗಿ ನಾನು ಚೆಂಡಿನಿಂದ ದೂರ ನಿಂತಿದ್ದೆ. ಗ್ರಿಪ್ಪನ್ನು ಕೆಳಗೆ ಕೆಳಗೆ ಹಿಡಿಯುತ್ತಾ ಹೋದೆ. ಒಂದೂವರೆ ಇಂಚು ಕೆಳಗೆ ಹಿಡಿದಾಗ ತೋಳು ಸಡಿಲವಾಗಿ ನೇತಾಡಿತು, ಚೆಂಡು ಸರಿಯಾದ ಜಾಗಕ್ಕೆ ಬಿತ್ತು. 33.5 ಇಂಚು.

ಆಮೇಲೆ ಲೈ, ಅಂದರೆ ನೆಲಕ್ಕೆ ಶಾಫ್ಟ್ ಎಷ್ಟು ಓರೆಯಾಗಿದೆ ಅನ್ನುವುದು. ಉದ್ದ ಸರಿ ಮಾಡದೆ ಇದನ್ನು ನೋಡಲೇಬಾರದು. ಪೂರ್ತಿ ಉದ್ದ ಹಿಡಿದಾಗ ಹೆಡ್‌ನ ಹೊರತುದಿ, ಅಂದರೆ ಟೋ, ಮೇಲೆದ್ದು ಅದರ ಕೆಳಗೆ ಎರಡು ನಾಣ್ಯ ತೂರುತ್ತಿದ್ದವು. ಕೆಳಗೆ ಹಿಡಿದ ಮೇಲೆ ಒಂದೇ ನಾಣ್ಯ. ಅಂಗಡಿ ಪಟರ್‌ಗಳು ಸಾಮಾನ್ಯವಾಗಿ 70 ಡಿಗ್ರಿ ಆಸುಪಾಸು ಇರುತ್ತವೆ. ನನಗೆ 69 ಬೇಕಿತ್ತು. ಟೋ ಮೇಲೆದ್ದರೆ ಬಲಗೈ ಆಟಗಾರನ ಚೆಂಡು ಎಡಕ್ಕೆ ಎಳೆಯುತ್ತದೆ. ನನ್ನ ಎಡಗಡೆ ತಪ್ಪುಗಳಿಗೆ ಇದೊಂದು ಸಣ್ಣ ಕಾರಣ.

ದೊಡ್ಡ ಕಾರಣ ಸಿಕ್ಕಿದ್ದು ಫೋನಿನಲ್ಲಿ. ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಮೇಲಿನಿಂದ ವಿಡಿಯೋ ಮಾಡಿ, 200 ಪಟ್ ಹೊಡೆದೆ. ನನ್ನ ಬೀಸು ನೇರವಾಗಿರಲಿಲ್ಲ. ಹಿಂದಕ್ಕೆ ಹೋಗುವಾಗ ಒಳಗೆ ಬಾಗಿ, ಬಾಗಿಲು ತೆರೆದು ಮುಚ್ಚಿದ ಹಾಗೆ ಹೆಡ್ ತಿರುಗುತ್ತಿತ್ತು. ಪಟರನ್ನು ಅಡ್ಡಡ್ಡಲಾಗಿ ಒಂದು ಬೆರಳ ಮೇಲೆ ತೂಗಿಸಿ ನೋಡಿ. ಕೆಲವು ಪಟರ್‌ಗಳ ಮುಖ, ಅಂದರೆ ಚೆಂಡಿಗೆ ತಾಗುವ ಬದಿ, ಆಕಾಶ ನೋಡುತ್ತದೆ. ಕೆಲವುಗಳ ಟೋ ಕೆಳಗೆ ಜಾರುತ್ತದೆ. ಇದಕ್ಕೆ ‘ಟೋ ಹ್ಯಾಂಗ್’ ಅನ್ನುತ್ತಾರೆ. ಬಾಗಿದ ಬೀಸಿನವರಿಗೆ ಟೋ ಜಾರುವ ಪಟರ್ ಹೊಂದುತ್ತದೆ ಅನ್ನುವುದು ರೂಢಿಯ ಮಾತು, ನನ್ನ ವಿಷಯದಲ್ಲಂತೂ ನಿಜವಾಯಿತು. ನಾನು ದುಬಾರಿ ದುಡ್ಡು ಕೊಟ್ಟ ಆ ಮ್ಯಾಲೆಟ್‌ನ ಮುಖ ಆಕಾಶ ನೋಡುತ್ತಿತ್ತು. ಹಳೆಯ ಆನ್ಸರ್ ಬಗೆಯ ಕತ್ತಿರುವ ಪಟರ್‌ಗಳಲ್ಲಿ ಟೋ ಸುಮಾರು 45 ಡಿಗ್ರಿ ಕೆಳಗೆ ಇಳಿಯುತ್ತದೆ. ಸ್ನೇಹಿತರೊಬ್ಬರ ಹತ್ತಿರ ಅಂಥದ್ದೊಂದು ಕೇಳಿ ತಂದು ಮತ್ತೆ 200 ಹೊಡೆದೆ. ಚೆಂಡು ಗೆರೆ ಮೇಲೇ ಹೋಗತೊಡಗಿತು.

ತೂಕಕ್ಕೂ ಉದ್ದಕ್ಕೂ ನಂಟಿದೆ. ಕೋಲು ಗಿಡ್ಡವಾದಷ್ಟೂ ಹೆಡ್ ಹಗುರ ಅನ್ನಿಸುತ್ತದೆ. ಅದಕ್ಕೆ ಹೆಡ್ ತೂಕ ಜಾಸ್ತಿ ಮಾಡಬೇಕು. ಸೀಸದ ಪಟ್ಟಿ ಅಂಟಿಸಿ ಅಂಟಿಸಿ ನೋಡಿ 360 ಗ್ರಾಂಗೆ ನಿಂತೆ. ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿರುವ ಕೋನ, 4 ಡಿಗ್ರಿ, ಯಾಕೆಂದರೆ ಹೊಡೆಯುವ ಮೊದಲು ನನ್ನ ಕೈ ಸ್ವಲ್ಪ ಮುಂದಕ್ಕೆ ಸರಿಯುತ್ತದೆ, ಆಗ ಲಾಫ್ಟ್ ತಾನಾಗಿಯೇ ಕಡಿಮೆಯಾಗುತ್ತದೆ. ಎಲ್ಲ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡೆ.

ಆ ಚೀಟಿ ಬಂದ ಮೇಲೆ ಅರ್ಧಕ್ಕರ್ಧ ಆಸೆ ತಾನಾಗಿಯೇ ಹೋಯಿತು. ಡ್ರಾಪ್‌ಗೆ ಬರುವ ಹೆಚ್ಚಿನ ಪಟರ್‌ಗಳು ನನಗಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ನಡುವೆ ಇನ್ನೊಂದು ಪ್ರಸಂಗ ನಡೆಯಿತು. ಒಬ್ಬರು ಹೆಸರಾಂತ ಪಟರ್ ಒಂದನ್ನು ಮಾರಲು ತಂದಿದ್ದರು. 33.5 ಇಂಚು, ನನಗೆ ಬೇಕಾದ ಕತ್ತು, ಜೊತೆಗೆ ಪ್ರಮಾಣಪತ್ರ. 303 ಸ್ಟೇನ್‌ಲೆಸ್ ಸ್ಟೀಲಿನದು ಅಂದರು. ಕೈಯಲ್ಲಿ ಹಿಡಿದಾಗ ಏನೋ ಸರಿ ಇಲ್ಲ ಅನ್ನಿಸಿತು. ಮುಖದ ಮೇಲಿನ ಕೊರೆದ ಗೆರೆಗಳು ಬೆರಳಿಗೆ ಚೂಪಾಗಿ ತಾಗಬೇಕು, ಇಲ್ಲಿ ಮೊಂಡಾಗಿದ್ದವು. ಚೀಲದಲ್ಲಿ ಚೆಂಡಿನ ಜಾಗ ಗುರುತಿಸುವ ಮಾರ್ಕರ್ ಇಡಲು ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡಿರುತ್ತೇನೆ. ಅದನ್ನು ಹೆಡ್‌ಗೆ ತಾಗಿಸಿದೆ. ಟಪ್ ಅಂತ ಕಚ್ಚಿಕೊಂಡಿತು. 303 ಉಕ್ಕಿಗೆ ಅಯಸ್ಕಾಂತ ಹಾಗೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಅಚ್ಚಿನಲ್ಲಿ ಎರಕ ಹೊಯ್ಯಲು ಬಳಸುವ 17-4 ಸ್ಟೇನ್‌ಲೆಸ್ ಆದರೆ ಹಿಡಿಯುತ್ತದೆ. ಕಾರ್ಬನ್ ಸ್ಟೀಲಿಗೂ ಹಿಡಿಯುತ್ತದೆ, ಹಾಗಾಗಿ ಈ ಪರೀಕ್ಷೆ ಎಲ್ಲ ಪಟರ್‌ಗಳಿಗೂ ನಡೆಯದು. ಪ್ರಮಾಣಪತ್ರ ನೋಡಲು ಅಸಲಿಯ ಹಾಗೇ ಇತ್ತು. ಕಾಗದ ಅಚ್ಚು ಹಾಕುವುದು ಉಕ್ಕು ಕೊರೆಯುವುದಕ್ಕಿಂತ ಸುಲಭ ಅಲ್ವಾ. ಬೇಡ ಅಂತ ವಾಪಸ್ ಕೊಟ್ಟು ಬಂದೆ. ತಂದವರಿಗೂ ಅದು ನಕಲಿ ಅಂತ ಗೊತ್ತಿರಲಿಕ್ಕಿಲ್ಲ.

ಕೊನೆಗೆ ನಾನು ಹೋದದ್ದು ಒಬ್ಬರೇ ಕೂತು ಕೆಲಸ ಮಾಡುವ ಸಣ್ಣ ತಯಾರಕರ ಬಳಿಗೆ. ಅವರಲ್ಲಿ ಡ್ರಾಪ್ ಇಲ್ಲ, ಸರದಿ ಇದೆ. ಅರ್ಧ ದುಡ್ಡು ಮುಂಗಡ. ಅವರು ಮೊದಲು ಕೇಳಿದ್ದು ಬಣ್ಣವನ್ನಲ್ಲ. ಚೆಂಡಿನ ಮುಂದೆ ನಿಂತ ಫೋಟೋ ಕೇಳಿದರು, ಎದುರಿನಿಂದ ಒಂದು, ಪಕ್ಕದಿಂದ ಒಂದು. ನನ್ನ ಚೀಟಿಯ ಅಂಕಿಗಳನ್ನು ಕಳಿಸಿದೆ. ಎಲ್ಲ ಒಪ್ಪಿದರು. ಹೆಡ್ ಮೇಲೆ ಎಳೆಯುವ ಗುರಿ ಗೆರೆಯ ವಿಷಯದಲ್ಲಿ ಮಾತ್ರ ಬೇರೆ ಸಲಹೆ ಕೊಟ್ಟರು. ಬಾಗಿದ ಬೀಸಿನವರಿಗೆ ಉದ್ದ ಗೆರೆ ಕಣ್ಣಿಗೆ ತೊಡಕು, ಮೇಲಂಚಿನಲ್ಲಿ ಒಂದೇ ಚುಕ್ಕೆ ಸಾಕು ಅಂದರು. ಕೇಳಿದೆ. ಒಳ್ಳೆಯದಾಯಿತು.

ಲೋಹದ ಬಗ್ಗೆ ಅವರ ಜೊತೆ ತುಂಬ ಹೊತ್ತು ಮಾತಾಡಿದೆ. ಕೈಗೆ ‘ಮೆತ್ತಗಿದೆ’ ಅನ್ನಿಸುವುದರಲ್ಲಿ ಬಹುಪಾಲು ಕಿವಿಯ ಕೆಲಸ. ಮುಖವನ್ನು ಆಳವಾಗಿ ಕೊರೆದರೆ ಚೆಂಡಿಗೆ ತಾಗುವ ಲೋಹ ಕಡಿಮೆ, ಸದ್ದೂ ಕಡಿಮೆ. ಕಾರ್ಬನ್ ಸ್ಟೀಲಿನ ಸದ್ದು ಸ್ಟೇನ್‌ಲೆಸ್‌ಗಿಂತ ತಗ್ಗು. ಆದರೆ ತುಕ್ಕು ಹಿಡಿಯುತ್ತದೆ. ನಾನು ಕಾರ್ಬನ್ ಸ್ಟೀಲೇ ಬೇಕೆಂದೆ, ಮೇಲೆ ಕಪ್ಪು ಆಕ್ಸೈಡ್ ಲೇಪ. ಹೆಸರಿನ ಮೊದಲಕ್ಷರ ಕುಟ್ಟಿಸಿದರೆ ಮತ್ತೆ ಮಾರುವಾಗ ಬೆಲೆ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನು ಕುಟ್ಟಿಸಿದೆ. ಮಾರುವ ಯೋಚನೆ ಇದ್ದಿದ್ದರೆ ಮಾಡಿಸುತ್ತಲೇ ಇರಲಿಲ್ಲ.

ಮಾಡಿಸುವವರು ನಿಯಮವನ್ನೂ ನೋಡಿಕೊಳ್ಳಬೇಕು. ಶಾಫ್ಟ್ ನೆಟ್ಟಗಿನ ಗೆರೆಯಿಂದ ಕನಿಷ್ಠ 10 ಡಿಗ್ರಿ ವಾಲಿರಬೇಕು. ಲಾಫ್ಟ್ 10 ಡಿಗ್ರಿ ಮೀರಬಾರದು. ಒಟ್ಟು ಉದ್ದ 18 ಇಂಚಿಗಿಂತ ಕಡಿಮೆ ಇರಬಾರದು. ಮಾಮೂಲಿ ಅಳತೆಗೆ ಇದ್ಯಾವುದೂ ಅಡ್ಡ ಬರುವುದಿಲ್ಲ. ವಿಚಿತ್ರ ಆಕಾರ ಕೇಳುವವರು ಸ್ಪರ್ಧೆಗೆ ಹೋಗುವ ಮೊದಲು ಖಚಿತ ಮಾಡಿಕೊಳ್ಳಲಿ. ಬೇರೆ ದೇಶದಿಂದ ತರಿಸುವುದಾದರೆ ಸಾಗಣೆ, ವಿಮೆ, ಸುಂಕ ಮೂರನ್ನೂ ಮುಂಗಡ ಕಟ್ಟುವ ಮೊದಲೇ ಲೆಕ್ಕ ಹಾಕಿ.

ಎಂಟು ತಿಂಗಳು ಅಂದಿದ್ದರು, ಹನ್ನೊಂದಾಯಿತು. ಏಳನೇ ತಿಂಗಳಲ್ಲಿ ಒಂದು ಫೋಟೋ ಬಂತು. ಕತ್ತನ್ನು ಹೆಡ್‌ಗೆ ಬೆಸೆದ ಜಾಗ ತಮಗೆ ಒಪ್ಪಿಗೆಯಾಗಲಿಲ್ಲ, ಇದನ್ನು ಬಿಟ್ಟು ಮತ್ತೆ ಹೊಸದಾಗಿ ಕೊರೆಯುತ್ತೇನೆ ಅಂತ ಬರೆದಿದ್ದರು. ಫೋಟೋ ಎಷ್ಟು ದೊಡ್ಡದು ಮಾಡಿ ನೋಡಿದರೂ ನನಗೆ ತಪ್ಪು ಕಾಣಲಿಲ್ಲ. ಅವತ್ತೇ ನನಗೆ ನಾನು ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತಿದೆ ಅಂತ ಅರ್ಥವಾದದ್ದು.

ಬಂದ ದಿನ ಮೊದಲು ತೂಕ, ಉದ್ದ ನೋಡಿದೆ. ಟೋ ಕೆಳಗೆ ನಾಣ್ಯ ತೂರಿಸಲು ನೋಡಿದೆ, ಹೋಗಲಿಲ್ಲ. ಆಮೇಲೆ ಒಂದು ಚೆಂಡು ಹೊಡೆದೆ. ಮರದ ಬಾಗಿಲಿಗೆ ಬೆರಳಗಂಟಿನಿಂದ ತಟ್ಟಿದಂಥ ಸಣ್ಣ ಸದ್ದು. ಇನ್ನೊಂದು ಹೊಡೆದೆ. ಕತ್ತಲಾಗುವವರೆಗೂ ಅಲ್ಲೇ ಇದ್ದೆ.

ಈಗ ಎರಡನೇ ವರ್ಷ. ಆಟ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಎರಡು ಹನಿ ಎಣ್ಣೆ ಸವರುತ್ತೇನೆ. ಒದ್ದೆ ಹೊದಿಕೆಯೊಳಗೆ ಮಾತ್ರ ಇಡಬೇಡಿ, ಒಂದೇ ರಾತ್ರಿಗೆ ತುಕ್ಕು ಕೂರುತ್ತದೆ. ಚೆಂಡು ತಾಗಿ ತಾಗಿ ಮುಖದ ಮೇಲೆ ಕಪ್ಪು ಸವೆದು ಹೆಬ್ಬೆರಳಷ್ಟು ಅಗಲದ ಬಿಳಿ ಗುರುತು ಮೂಡಿದೆ. ಅದು ಚುಕ್ಕೆಯ ನೇರಕ್ಕಿಲ್ಲ, ಕತ್ತಿನ ಕಡೆಗೆ ಸುಮಾರು 3 ಮಿಲಿಮೀಟರ್ ಸರಿದಿದೆ. ಫೋಟೋ ತೆಗೆದು ತಯಾರಕರಿಗೆ ಕಳಿಸಿದೆ. ಲೇಪ ಮತ್ತೆ ಹಾಕಿಕೊಡುತ್ತೇನೆ, ಆದರೆ ಈಗ ಬೇಡ, ಆ ಗುರುತು ನೋಡಿಕೊಂಡೇ ಇನ್ನೊಂದು ವರ್ಷ ಆಡಿ ಅಂತ ಉತ್ತರ ಬಂತು. ಹಾಗೇ ಆಡುತ್ತಿದ್ದೇನೆ. ಚೆಂಡಿನಿಂದ ಕೂದಲೆಳೆಯಷ್ಟು ಹಿಂದಕ್ಕೆ ನಿಲ್ಲುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ.