ಫೋನ್ ಬದಲಿಸೋದು ಕೊನೆಗಿರಲಿ

ಪ್ರೈವೆಸಿ ಬೇಕು ಅಂದ ತಕ್ಷಣ ಎಲ್ಲರೂ ಮೊದಲು ಹೊಸ ಫೋನ್ ಹುಡುಕುತ್ತಾರೆ. ನಾನೂ ಹಾಗೇ ಮಾಡಿದೆ. ಉತ್ಸಾಹದಲ್ಲಿ ಹಳೇ ಫೋನನ್ನು ರೀಸೆಟ್ ಮಾಡಿಬಿಟ್ಟೆ. ಲಾಗಿನ್‌ಗೆ ಆರಂಕಿಯ ಕೋಡ್ ಕೊಡುವ ಆ್ಯಪ್ ಅದರಲ್ಲೇ ಇತ್ತು! ನಾಲ್ಕು ಖಾತೆ ವಾಪಸ್ ಪಡೆಯೋಕೆ ಒಂದು ವಾರ ಒದ್ದಾಡಿದೆ.

ಹಾಗಾಗಿ ಕೋಡ್ ಆ್ಯಪ್‌ನಿಂದ ಶುರು ಮಾಡಿ. ಏಜಿಸ್ ಇಂಥದ್ದೊಂದು ಓಪನ್ ಸೋರ್ಸ್ (ಒಳಗಿನ ಪ್ರೋಗ್ರಾಂ ಯಾರು ಬೇಕಾದರೂ ನೋಡಬಹುದಾದ) ಆ್ಯಪ್, ಆಂಡ್ರಾಯ್ಡ್‌ಗೆ ಸಿಗುತ್ತದೆ. ಅದರ ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಿ ಬೇರೆ ಕಡೆ ಇಡಿ. ಆ್ಯಪ್ ಕೈತಪ್ಪಿದರೆ ಲಾಗಿನ್ ಆಗೋಕೆ ಸೈಟುಗಳು ಕೊಡುವ ರಿಕವರಿ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಫೋನಲ್ಲಿ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಏನು ಪ್ರಯೋಜನ, ಅಲ್ವಾ?

ಆಮೇಲೆ ಮೇಲ್. ಪ್ರೈವೆಸಿಗೆ ಒತ್ತು ಕೊಡುವ ಮೇಲ್ ಸೇವೆಗಳಾದ ಪ್ರೋಟಾನ್ ಅಥವಾ ಟೂಟಾದಲ್ಲಿ ಹೊಸ ವಿಳಾಸ ಮಾಡಿಕೊಳ್ಳಿ, ಹಳೆಯದನ್ನು ಸುಮ್ನೆ ಮುಚ್ಚಬೇಡಿ. ಹಳೇ ವಿಳಾಸಕ್ಕೆ ಒಂದೊಂದು ಮೇಲ್ ಬಂದಾಗಲೂ ಆ ಸೈಟಿಗೆ ಹೋಗಿ ವಿಳಾಸ ಬದಲಿಸಿ. ತಿಂಗಳುಗಟ್ಟಲೆ ಹಿಡಿಯಬಹುದು, ಪರವಾಗಿಲ್ಲ.

ಇನ್ನು ಮೆಸೇಜ್. ಸಿಗ್ನಲ್ ಅನ್ನೋ ಮೆಸೇಜಿಂಗ್ ಆ್ಯಪ್ ಖಾತೆಗೆ ಫೋನ್ ನಂಬರ್ ಬೇಕೇ ಬೇಕು. ಆದರೆ 2024ರಲ್ಲಿ ಯೂಸರ್‌ನೇಮ್ ಬಂದ ಮೇಲೆ, ಹೊಸಬರಿಗೆ ನಂಬರ್ ಕೊಡದೆಯೂ ಮಾತಾಡಬಹುದು. ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ನಂಬರ್ ಯಾರಿಗೆ ಕಾಣಬೇಕು ಅನ್ನೋದನ್ನೂ ಒಮ್ಮೆ ನೋಡಿಕೊಳ್ಳಿ.

ಇಷ್ಟಾದ ಮೇಲೂ ಆಸೆ ಇದ್ದರೆ ಪಿಕ್ಸೆಲ್ ಫೋನ್‌ಗೆ ಗ್ರಾಫೀನ್ ಓಎಸ್ (ಆಂಡ್ರಾಯ್ಡ್ ಆಧರಿಸಿದ, ಪ್ರೈವೆಸಿಗೆ ಒತ್ತು ಕೊಡುವ ಆಪರೇಟಿಂಗ್ ಸಿಸ್ಟಮ್) ಹಾಕಬಹುದು. ಅದಕ್ಕಾಗಿ ಬೂಟ್‌ಲೋಡರ್ (ಫೋನ್ ಆನ್ ಆದಾಗ ಓಎಸ್ ಶುರು ಮಾಡುವ ಪ್ರೋಗ್ರಾಂ) ಅನ್‌ಲಾಕ್ ಮಾಡುವಾಗ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಕೆಲವು ಬ್ಯಾಂಕ್ ಆ್ಯಪ್‌ಗಳು ಅದರಲ್ಲಿ ಓಡುವುದಿಲ್ಲ. ನಿಮ್ಮ ಬ್ಯಾಂಕಿನದು ಓಡುತ್ತದಾ ಅಂತ ಫೋನ್ ಕೊಳ್ಳುವ ಮೊದಲೇ ವಿಚಾರಿಸಿ.