ಬಸ್ಸಿನ ಟೈಮ್‌ಟೇಬಲ್ ಹಿಡಿದು ಆಲ್ಪ್ಸ್ ನಡಿಗೆ: ಲೆಖ್ ಕಣಿವೆಯಲ್ಲಿ ಐದು ದಿನ

ಹೋದ ವರ್ಷ ಆಗಸ್ಟ್‌ನಲ್ಲಿ ಶಿವಮೊಗ್ಗದಿಂದ ಅಕ್ಕ ಮ್ಯೂನಿಕ್‌ಗೆ ಬಂದಿದ್ದಳು. ವಯಸ್ಸು 52. ಬೆಳಗಿನ ವಾಕಿಂಗ್ ಬಿಟ್ಟರೆ ಬೇರೆ ಅಭ್ಯಾಸವಿಲ್ಲ. ಬರುವ ಮೊದಲೇ ಫೋನಿನಲ್ಲಿ ಹೇಳಿದ್ದಳು, "ಲೋ, ಆಲ್ಪ್ಸ್‌ನಲ್ಲಿ ನಾಲ್ಕೈದು ದಿನ ನಡೆಸೋ. ಆದ್ರೆ ಹಗ್ಗ ಹಿಡ್ಕೊಂಡು ಹತ್ತೋದೆಲ್ಲ ಬೇಡ."

ನಾನು ಆರಿಸಿದ್ದು ಆಸ್ಟ್ರಿಯಾದ ಲೆಖ್ ಕಣಿವೆ. ಲೆಖ್ ನದಿಯ ಜೊತೆಗೇ ಸಾಗುವ ಲೆಖ್‌ವೆಗ್ ಎಂಬ ದಾರಿ ಸುಮಾರು 125 ಕಿ.ಮೀ. ಇದೆ. ಫಾರ್ಮರಿನ್‌ಸೇ ಕೆರೆಯ ಹತ್ತಿರ ಶುರುವಾಗಿ ಜರ್ಮನಿಯ ಫ್ಯೂಸೆನ್‌ನಲ್ಲಿ ಮುಗಿಯುತ್ತದೆ. ಕೆರೆ ಇರುವುದು 1,800 ಮೀಟರ್ ಆಸುಪಾಸಿನಲ್ಲಿ. ಅಲ್ಲಿವರೆಗೂ ಲೆಖ್ ಊರಿನಿಂದ ಬಸ್ಸಿದೆ. ಅಂದರೆ ನಮ್ಮ ಕುಮಾರ ಪರ್ವತದ ತುದಿಗಿಂತ (1,712 ಮೀ.) ಎತ್ತರದಲ್ಲಿ ಬಸ್ಸಿಳಿದು ನಡೆಯಲು ಶುರು ಮಾಡುವುದು. ಸುಬ್ರಹ್ಮಣ್ಯದಿಂದ ಹತ್ತಿ ಮಂಡಿ ಹಿಡಿದುಕೊಂಡವರಿಗೆ ಇದರ ಸುಖ ಗೊತ್ತು.

ಮೊದಲು ಮ್ಯಾಪ್ ಹರಡಿಕೊಂಡು ದಿನಕ್ಕೊಂದು ಊರು, ದಿನಕ್ಕೊಂದು ರೂಮು ಅಂತ ಗೀಚಿದೆ. ಆಗಸ್ಟ್‌ನಲ್ಲಿ ಒಂದೇ ರಾತ್ರಿಗೆ ರೂಮು ಕೇಳಿದರೆ ಎಲ್ಲ ಕಡೆ ಇಲ್ಲ ಅಂದರು. ಆಮೇಲೆ ಹೊಳೆಯಿತು, ಕಣಿವೆಯ ಉದ್ದಕ್ಕೂ ಬಸ್ಸು ಓಡಾಡುತ್ತದೆಯಲ್ಲ! ಮ್ಯಾಪ್ ಮಡಚಿಟ್ಟು ಬಸ್ಸಿನ ಟೈಮ್‌ಟೇಬಲ್ ಹಿಡಿದೆ. ವಾರ್ಟ್ ಊರಲ್ಲಿ ಎರಡು ರಾತ್ರಿ, ಕೆಳಗಿನ ಹೋಲ್ಟ್ಸ್‌ಗೌ ಊರಲ್ಲಿ ಮೂರು ರಾತ್ರಿ. ಅಷ್ಟೇ. ಮೊದಲ ದಿನ ಕೆರೆಯಿಂದ ಲೆಖ್‌ವರೆಗೆ ನಡೆದು, ಬಸ್ಸಲ್ಲಿ ವಾರ್ಟ್‌ಗೆ. ಮರುದಿನ ಬಸ್ಸಲ್ಲಿ ಲೆಖ್‌ಗೆ ವಾಪಸ್, ಅಲ್ಲಿಂದ ರೂಮಿನವರೆಗೆ ನಡಿಗೆ. ಹೀಗೆ ಪೂರ್ತಿ ಬ್ಯಾಗ್ ಹೊತ್ತಿದ್ದು ವಾರ್ಟ್‌ನಿಂದ, ಹೋಲ್ಟ್ಸ್‌ಗೌಗಿಂತ ಮೊದಲು ಸಿಗುವ ಷ್ಟೇಗ್ ಊರಿಗೆ ಇಳಿದ ಒಂದೇ ದಿನ. ಯಾರಿಗಾದರೂ ಸುಸ್ತಾದರೆ ಮುಂದಿನ ಸ್ಟಾಪಿನಲ್ಲಿ ಬಸ್ಸು ಹತ್ತಬಹುದು ಅನ್ನೋ ಧೈರ್ಯವೂ ಇತ್ತು. ಒಂದೇ ಎಚ್ಚರಿಕೆ: ಲೆಖ್ ಮತ್ತು ಷ್ಟೇಗ್ ನಡುವಿನ ಬಸ್ಸು ಬೇಸಿಗೆಯಲ್ಲಿ ಮಾತ್ರ ಇರುತ್ತದೆ. ಸಂಜೆಯ ಕೊನೆ ಬಸ್ಸೂ ಬೇಗ ಹೋಗಿಬಿಡುತ್ತದೆ.

ಆ ಕೊನೆ ಬಸ್ಸು ಮೊದಲ ದಿನವೇ ನಮ್ಮ ಕೈತಪ್ಪುತ್ತಿತ್ತು. ಅಲ್ಲಿನ ಹಳದಿ ಬೋರ್ಡುಗಳಲ್ಲಿ ಬರೆಯುವುದು ಕಿಲೋಮೀಟರ್ ಅಲ್ಲ, ಗಂಟೆ. ಅದು ಎಲ್ಲೂ ನಿಲ್ಲದೆ ನಡೆಯುವವರ ಲೆಕ್ಕ. ನಾವು ಕೂತೆವು, ಚಪಾತಿ ಚಟ್ನಿಪುಡಿ ತಿಂದೆವು, ಅಕ್ಕ ಪ್ರತಿ ಹೂವಿನ ಫೋಟೋ ತೆಗೆದಳು. ಕೊನೆಗೆ ಓಡಿಯೇ ಬಸ್ಸು ಹಿಡಿದದ್ದು. ಮರುದಿನದಿಂದ ಬೋರ್ಡಿನ ಲೆಕ್ಕಕ್ಕೆ ಅರ್ಧದಷ್ಟು ಸೇರಿಸಿ, ಎಂಟು ಗಂಟೆಗೇ ಹೊರಟೆವು. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಅಲ್ಲಿ ಮಾಮೂಲಿ. ಅದಕ್ಕೂ ಇದೇ ಸರಿ.

ಇಳಿಜಾರು ಸುಲಭ ಅಂದುಕೊಂಡಿದ್ದು ನನ್ನ ತಪ್ಪು. ಷ್ಟೇಗ್‌ಗೆ ಇಳಿಯುವಾಗ ಸುಮಾರು 370 ಮೀಟರ್ ಎತ್ತರ ಕಳೆಯುತ್ತದೆ, ನಡುನಡುವೆ ಏರೂ ಇದೆ. ಅಕ್ಕನ ಕೈಯಲ್ಲಿ ಎರಡು ಕೋಲಿದ್ದವು. ಜಂಬ ಮಾಡಿ ಕೋಲು ಬಿಟ್ಟು ಬಂದವನು ನಾನು. ಸಂಜೆ ಮಂಡಿಗೆ ಐಸ್ ಇಟ್ಟುಕೊಂಡವನೂ ನಾನೇ.

ಊಟದ ಕಥೆ ಬೇರೆ. ಫ್ರಿಟಾಟೆನ್‌ಸೂಪ್ ಅಂತ ಒಂದಿದೆ. ದೋಸೆಯನ್ನು ಶಾವಿಗೆಯ ಹಾಗೆ ಕತ್ತರಿಸಿ ಸಾರಿಗೆ ಹಾಕಿದಂತೆ ಕಾಣುತ್ತದೆ. ಸಸ್ಯಾಹಾರಿಗಳು ಮೋಸ ಹೋಗುವುದೇ ಇಲ್ಲಿ, ಆ ಸಾರು ದನದ ಮಾಂಸದ್ದು. "ಮಾಂಸ ಇದೆಯಾ" ಅಂದರೆ ಇಲ್ಲ ಅನ್ನುತ್ತಾರೆ, ಏಕೆಂದರೆ ತುಂಡು ಇರುವುದಿಲ್ಲ. ಸಾರು ಯಾವುದರದ್ದು ಅಂತಲೇ ಕೇಳಬೇಕು. ಕೇಸ್‌ಷ್ಪೆಟ್ಸ್‌ಲೆ ಎಂಬ ಚೀಸ್ ಹಾಕಿದ ಗಿಡ್ಡ ನೂಡಲ್ಸ್ ನಮ್ಮನ್ನು ಕಾಪಾಡಿತು, ಆದರೂ ಮೂರನೇ ದಿನಕ್ಕೆ ಅದೂ ಸಾಕಾಯಿತು. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಬ್ರೆಡ್ಡು ಹಣ್ಣು ತಂದಿಟ್ಟುಕೊಳ್ಳಿ.

ಹುಲ್ಲುಗಾವಲಿನಲ್ಲಿ ಅಕ್ಕ ಹಸು ಮುಟ್ಟಿ ನಮಸ್ಕಾರ ಮಾಡಲು ಹೊರಟಳು. ಪಕ್ಕದಲ್ಲೇ ಕರು. ಕೈ ಹಿಡಿದು ಎಳೆದುಕೊಂಡು ಬಂದೆ. ಕರು ಇರುವ ಹಸು ಅಲ್ಲಿ ಮೇಲೆ ಬೀಳಬಹುದು, ದೂರದಿಂದ ಸುತ್ತು ಹಾಕಿ ಹೋಗಬೇಕು.

ಹೋಲ್ಟ್ಸ್‌ಗೌ ತೂಗುಸೇತುವೆ 200 ಮೀಟರ್ ಉದ್ದ, ಕೆಳಗೆ ನೂರು ಮೀಟರ್ ಮೀರಿದ ಕಮರಿ. ನಾನು ಬಳಸುದಾರಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಅಕ್ಕ ಆ ಕಡೆ ತಲುಪಿ, "ಏನೋ, ತುಂಗೆ ಸೇತುವೆ ದಾಟಿಲ್ವೇನೋ ನೀನು?" ಅಂತ ಕೂಗಿದಳು.

ಐದನೇ ದಿನ ಎಲ್ಬಿಗೆನ್‌ಆಲ್ಪ್ ಎಂಬ ಊರಿಗೆ ನಡಿಗೆ ನಿಲ್ಲಿಸಿದೆವು. ಉಳಿದ ಕೆಳಗಿನ ಅರ್ಧವನ್ನು ಜೂನ್ ಮೊದಲ ವಾರಕ್ಕೆ ಇಟ್ಟುಕೊಂಡಿದ್ದೇವೆ. ಆಗ ಮೇಲೆ ಇನ್ನೂ ಹಿಮವಿರಬಹುದು, ಆದರೆ ಮಾರ್ಟಿನೌ ಹತ್ತಿರ ಹಳದಿ ಆರ್ಕಿಡ್ ಅರಳುವ ಹೊತ್ತು ಅದೇ.