ಜುಲೈನಲ್ಲಿ ವರ್ಗಾವಣೆ ಅರ್ಜಿ ಬರೆಯಬೇಡಿ: ಶಿವಮೊಗ್ಗಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ಪ್ರತಿ ವರ್ಷ ಮೇ, ಜೂನ್ ಬಂತು ಅಂದ್ರೆ ನಮ್ಮ ಬಡಾವಣೆಯ ಕನ್ನಡ ಸಂಘಕ್ಕೆ ಹೊಸ ಮುಖಗಳು ಬರುತ್ತವೆ. ವರ್ಗಾವಣೆ ಕಾಲ ಅಲ್ವಾ. ಬ್ಯಾಂಕಿನವರು, ಮೇಷ್ಟ್ರುಗಳು, ಮೆಸ್ಕಾಂನವರು, ಕಂಪನಿ ಮಾಲು ಹೊತ್ತು ಊರೂರು ತಿರುಗುವ ನನ್ನಂಥವರು. ಎಲ್ಲರೂ ಕೇಳುವುದು ಅದೇ ಹತ್ತು ಪ್ರಶ್ನೆ. "ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು ಮಾರಾಯ್ರೇ, ಒಂದು ಸಲ ಬರೆದುಕೊಡಿ" ಅಂತ ಕಾರ್ಯದರ್ಶಿಗಳು ಹಿಂದೆ ಬಿದ್ದರು. ಬರೆದಿದ್ದೇನೆ.

ನಾನು ಬಾಗಲಕೋಟೆ ಜಿಲ್ಲೆ, ಹುನಗುಂದದ ಕಡೆಯವನು. ಇಲ್ಲಿಗೆ ಬಂದದ್ದು 2011ರ ಜೂನ್‌ನಲ್ಲಿ. ಅಡಿಕೆ ಸುಲಿಯುವ ಯಂತ್ರ ಮಾರುವುದು, ಕೆಟ್ಟರೆ ಹೋಗಿ ರಿಪೇರಿ ಮಾಡುವುದು ಕೆಲಸ. ಅಲ್ಲಿಯವರೆಗೆ ಅಡಿಕೆ ಮರವನ್ನು ಹತ್ತಿರದಿಂದ ನೋಡಿದವನಲ್ಲ. ನಾನು ಮೊದಲು ಹೇಳುವ ಮಾತು ಒಂದೇ. ಮೊದಲ ಮಳೆಗಾಲ ಮುಗಿಯುವವರೆಗೆ ಏನೂ ತೀರ್ಮಾನ ಮಾಡಬೇಡಿ. ಕೆಲಸ ಬಿಡುತ್ತೇನೆ, ಮಕ್ಕಳನ್ನು ಊರಿಗೆ ಕಳಿಸುತ್ತೇನೆ, ಮೇಲಿನವರಿಗೆ ಅರ್ಜಿ ಬರೆಯುತ್ತೇನೆ ಅಂತೆಲ್ಲ ಜುಲೈ ತಿಂಗಳಲ್ಲಿ ಅನ್ನಿಸಿಯೇ ಅನ್ನಿಸುತ್ತದೆ. ಅದು ನೀವಲ್ಲ, ಮಳೆ ಮಾತಾಡುತ್ತಿರುವುದು.

ನಮ್ಮ ಮನೆಯಲ್ಲಿ ಆದದ್ದು ಕೇಳಿ. ಮೊದಲ ವರ್ಷ, ನಾಗರಪಂಚಮಿ ಹತ್ತಿರ ಬಂದಿತ್ತು. ನಮ್ಮ ಕಡೆ ಪಂಚಮಿ ಅಂದ್ರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಜೋಕಾಲಿ, ಉಂಡಿ, ಅಳ್ಳು. ಆ ವರ್ಷ ರಜೆ ಸಿಗಲಿಲ್ಲ, ಹೋಗಲಾಗಲಿಲ್ಲ. ಹೋಗಲಿ, ಇಲ್ಲೇ ಮಾಡೋಣ ಅಂತ ನನ್ನ ಹೆಂಡತಿ ಕಪಾಟಿನಿಂದ ಮದುವೆಯ ಇಳಕಲ್ ಸೀರೆ ತೆಗೆದಳು. ಸೆರಗಿನ ತುಂಬ ಬಿಳಿ ಬೂಸ್ಟು, ಕೊಣಮಿಗೆಯಲ್ಲಿ ಹಿಟ್ಟು ಉದುರಿಸಿದ ಹಾಗೆ. ಕಪಾಟಿನ ಹಿಂದಿನ ಗೋಡೆ ಮುಟ್ಟಿದರೆ ಅಂಗೈ ಒದ್ದೆ. ಅವಳು ಏನೂ ಅನ್ನಲಿಲ್ಲ, ಅವ್ವನಿಗೆ ಫೋನ್ ಹಚ್ಚಿದಳು. ಆ ಕಡೆಯಿಂದ ಅತ್ತೆ, "ಇಲ್ಲಿ ಹನಿ ಮಳಿ ಇಲ್ಲವಾ, ಬಿತ್ತಿದ್ದು ಒಣಗಾಕತ್ತೈತಿ, ನಿಮ್ಮದರಾಗ ಒಂಚೂರು ಈ ಕಡೆ ಕಳಸು" ಅಂದರು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಆ ಸೀರೆಯಿಂದ ನಾವು ಕಲಿತದ್ದು ಇಷ್ಟು. ಇಲ್ಲಿ ಮಳೆ ಹೊಡೆಯುವುದು ನೈರುತ್ಯದಿಂದ. ಹಾಗಾಗಿ ಬಾಡಿಗೆ ಮನೆ ನೋಡುವಾಗ ಪಡುವಣ, ತೆಂಕಣ ಗೋಡೆಗಳನ್ನು ಮುಟ್ಟಿ ನೋಡಿ. ಬಣ್ಣ ಉಬ್ಬಿ ಚಕ್ಕೆ ಎದ್ದಿದ್ದರೆ, ಏಪ್ರಿಲ್‌ನಲ್ಲಿ ಆ ಮನೆ ಎಷ್ಟೇ ಚೆನ್ನಾಗಿ ಕಂಡರೂ ಬೇಡ. ತಾರಸಿ ಮೇಲೆ ಶೀಟು ಹಾಕಿಸಿದ್ದಾರಾ ನೋಡಿ, ಬಟ್ಟೆ ಒಣಗುವುದು ಅಲ್ಲೇ. ಕಪಾಟನ್ನು ಗೋಡೆಗೆ ಅಂಟಿಸಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ರೇಷ್ಮೆ ಸೀರೆಗಳನ್ನು ಸಾಧ್ಯವಾದರೆ ಮಳೆಗಾಲ ಮುಗಿಯುವವರೆಗೆ ಊರಲ್ಲೇ ಬಿಡಿ. ಚರ್ಮದ ಚಪ್ಪಲಿ, ಬೆಲ್ಟು, ಪರ್ಸು ಎಲ್ಲಕ್ಕೂ ಬೂಸ್ಟು ಬರುತ್ತದೆ, ಗಾಬರಿ ಬೇಡ, ಒರೆಸಿ ಇಟ್ಟರೆ ಆಯ್ತು.

ಹೊಳೆಗೆ ಹತ್ತಿರದ ತಗ್ಗಿನ ಮನೆ ಕಡಿಮೆ ಬಾಡಿಗೆಗೆ ಸಿಕ್ಕಿದರೆ, ಮಾಲೀಕರನ್ನಲ್ಲ, ಅಕ್ಕಪಕ್ಕದವರನ್ನು ಕೇಳಿ: 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಗೋಡೆ ಮೇಲೆ ಕೈಯಿಟ್ಟೇ ತೋರಿಸುತ್ತಾರೆ. ತುಂಗೆಯನ್ನು ಇಲ್ಲಿ ಬರೀ ಹೊಳೆ ಅಂತಲೇ ಕರೆಯುವುದು. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿ ಒಂದು ಕಲ್ಲಿನ ಮಂಟಪ ಇದೆ, ಅದು ಮುಳುಗಿತು ಅಂದ್ರೆ ಹೊಳೆ ತುಂಬಿತು ಅಂತ ಲೆಕ್ಕ. ಊರಿಗೆ ಊರೇ ಕೊಡೆ ಹಿಡಿದು ನೋಡಲು ಹೋಗುತ್ತದೆ. ನೀವೂ ಮಕ್ಕಳನ್ನು ಕರೆದುಕೊಂಡು ಹೋಗಿ. ಮನೆಯಲ್ಲಿ ಕೂತು ಅದೇ ಮಳೆಯನ್ನು ಬೈಯುವುದಕ್ಕಿಂತ ವಾಸಿ.

ಕೆಲಸಕ್ಕೆ ತಿರುಗುವವರಿಗೆ

ನನಗೆ ಜಾಸ್ತಿ ಗೊತ್ತಿರುವುದು ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕಿಲೋಮೀಟರ್ ಲೆಕ್ಕ ಮರೆತುಬಿಡಿ. ತೀರ್ಥಹಳ್ಳಿ ಇಲ್ಲಿಂದ ಸುಮಾರು 60 ಕಿಲೋಮೀಟರ್, ಸಾಗರ 70ರ ಹತ್ತಿರ. ಅಲ್ಲಿಯವರೆಗೆ ತಲೆಬಿಸಿ ಇಲ್ಲ. ಅಲ್ಲಿಂದ ಒಳಗೆ ಹೋಗುವ ಹತ್ತು ಕಿಲೋಮೀಟರಿಗೇ ಅರ್ಧ ದಿನ ಬೇಕಾಗಬಹುದು. ನಮ್ಮ ಬಯಲುಸೀಮೆಯಲ್ಲಿ ಊರು ಅಂದ್ರೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅಗಸಿ ದಾಟಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಇಲ್ಲಿ ಊರಿನ ಬೋರ್ಡು ಇರುತ್ತದೆ, ಮನೆ ಇರುವುದಿಲ್ಲ. ಒಂದು ಮನೆ ಈ ಗುಡ್ಡದ ಬುಡದಲ್ಲಿ, ಇನ್ನೊಂದು ಗದ್ದೆ ದಾಟಿ ತೋಟದಾಚೆ. "ಇಲ್ಲೇ, ಹತ್ತಿರ" ಅಂತ ಯಾರಾದರೂ ಹೇಳಿದರೆ ಎರಡು ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಫೋನಿನ ಮ್ಯಾಪನ್ನು ಹೊರಡುವ ಮೊದಲೇ ಇಳಿಸಿಕೊಳ್ಳಿ, ಒಳಗೆ ಹೋದ ಮೇಲೆ ಸಿಗ್ನಲ್ ಇರುವುದಿಲ್ಲ. ಸಿಗ್ನಲ್ ಇಲ್ಲ ಅಂದ್ರೆ ಫೋನ್‌ಪೇ ಇಲ್ಲ, ಜೇಬಲ್ಲಿ ಚಿಲ್ಲರೆ ದುಡ್ಡು ಇರಲಿ. ಸಂಜೆ ಮನೆಗೆ ಫೋನ್ ಮಾಡಲಾಗದಿದ್ದರೆ ಹೆದರಬೇಡ ಅಂತ ಹೆಂಡತಿಗೆ, ಅಥವಾ ಗಂಡನಿಗೆ, ಬೆಳಿಗ್ಗೆಯೇ ಹೇಳಿಬಿಡಿ. ನಾನು ಹೇಳದೆ ಹೋಗಿ ಒಂದು ಸಲ ಚೆನ್ನಾಗಿ ಬೈಸಿಕೊಂಡಿದ್ದೇನೆ.

ಬಸ್ಸಿನಿಂದ ಇಳಿದ ತಕ್ಷಣ ಕೇಳಬೇಕಾದ್ದು ಗಿರಾಕಿಯ ಮನೆ ಎಲ್ಲಿ ಅಂತಲ್ಲ, ವಾಪಸ್ ಹೋಗಲು ಕೊನೇ ಬಸ್ಸು ಎಷ್ಟೊತ್ತಿಗೆ ಅಂತ. ಒಳಗಿನ ಹಲವು ದಾರಿಗಳಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಆಗಿದೆ, ಆದರೆ ಖಾಸಗಿ ಬಸ್ಸಿನಲ್ಲಿ ಟಿಕೆಟ್ ತೆಗೆಯಲೇಬೇಕು. ಹೊಸದಾಗಿ ಬಂದ ಟೀಚರುಗಳು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ, ತಿಂಗಳಿಗೆ ಕಡಿಮೆ ದುಡ್ಡಲ್ಲ. ಆಗುಂಬೆ ಘಾಟಿ ಇಳಿದು ಉಡುಪಿ ಕಡೆ ಹೋಗುವವರು ಮಳೆಗಾಲದಲ್ಲಿ ರಸ್ತೆ ತೆರೆದಿದೆಯಾ ಅಂತ ತೀರ್ಥಹಳ್ಳಿಯಲ್ಲೇ ವಿಚಾರಿಸಿ. ಹದಿನಾಲ್ಕು ತಿರುವಿನ ಆ ದಾರಿಯಲ್ಲಿ ಮಣ್ಣು ಕುಸಿದರೆ ತಿರುಗಿ ಬರುವುದೇ ಗತಿ.

ತುಮರಿ, ಸಿಗಂದೂರು ಕಡೆಯವರ ಕಷ್ಟ ಮಾತ್ರ ಕಡಿಮೆಯಾಗಿದೆ. ನಾನು ಬಂದ ಕಾಲಕ್ಕೆ ಲಿಂಗನಮಕ್ಕಿ ಹಿನ್ನೀರು ದಾಟಲು ಲಾಂಚ್ ಒಂದೇ. ಒಂದು ಸಂಜೆ ಯಂತ್ರದ ಬೆಲ್ಟು ಕೂರಿಸುವುದು ತಡವಾಗಿ, ಓಡಿ ಬರುವಷ್ಟರಲ್ಲಿ ಕೊನೇ ಲಾಂಚು ಆಚೆ ದಡದಲ್ಲಿತ್ತು. ಕಣ್ಣಿಗೆ ಕಾಣುತ್ತಿತ್ತು, ಕೂಗಿದರೆ ಕೇಳಿಸುವುದಿಲ್ಲ. ಆ ರಾತ್ರಿ ಗಿರಾಕಿಯ ಮನೆಯ ಜಗುಲಿಯಲ್ಲೇ ಮಲಗಿದೆ. 2025ರ ಜುಲೈನಲ್ಲಿ ಸೇತುವೆ ಆಯ್ತು, ಎರಡು ಕಿಲೋಮೀಟರಿಗಿಂತ ಉದ್ದ. ಈಗಿನವರಿಗೆ ಈ ಕಥೆ ಹೇಳಿದರೆ ಸುಮ್ನೆ ನಗುತ್ತಾರೆ.

ಜಗುಲಿಯ ಮಾತು ಬಂತಲ್ಲ. ಮೊದಲ ವರ್ಷ ಹೊಸನಗರದ ಒಳಗೆ ಒಂದು ಮನೆಗೆ ಹೋಗಿದ್ದೆ. ರೇನ್‌ಕೋಟು ಇದ್ದೂ ಒಳಗೆಲ್ಲ ತೊಯ್ದಿತ್ತು. ಜಗುಲಿ ಹತ್ತಿದ ಕೂಡಲೇ ಅಜ್ಜಿಯೊಬ್ಬರು "ಆಸ್ರಿಗೆ ಎಂತ ಬೇಕು?" ಅಂದರು. ನನಗೆ ಕೇಳಿಸಿದ್ದು ಆಸರೆ. "ಆಸರೆ ಏನೂ ಬ್ಯಾಡ್ರೀ ಅಮ್ಮಾ, ರಾತ್ರಿ ಬಸ್ಸಿಗೆ ಹೊಂಟಬಿಡ್ತೀನಿ" ಅಂದೆ. ಜಗುಲಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆಸರಿಗೆ ಅಂದ್ರೆ ಕುಡಿಯಲು ಏನಾದರೂ, ಕಾಫಿ, ಕಷಾಯ, ಮಜ್ಜಿಗೆ. ನಮ್ಮ ಕಡೆ ಆಸರಕಿ ಬ್ಯಾಸರಕಿ ಅಂತೀವಲ್ಲ, ಅದರದ್ದೇ ಬಳಗ ಇರಬೇಕು ಅಂತ ಆಮೇಲೆ ಹೊಳೆಯಿತು. ಅಷ್ಟರಲ್ಲಿ ಅಜ್ಜಿ ನನ್ನ ಕಾಲು ನೋಡಿದರು. ಕಾಲುಚೀಲದ ಅಂಚು ಕೆಂಪಾಗಿತ್ತು. ಇಳಿಸಿ ನೋಡಿದರೆ ದ್ರಾಕ್ಷಿ ಹಣ್ಣಿನಷ್ಟು ಉಬ್ಬಿದ ಇಂಬಳ, ಅಂದ್ರೆ ಜಿಗಣೆ. ನಾನು ಕಿತ್ತು ಎಸೆಯಲು ಹೋದೆ, ಅವರು ಕೈ ತಡೆದು, ಕವಳದ ತಟ್ಟೆಯಿಂದ ಒಂದು ಬೆರಳು ಸುಣ್ಣ ತೆಗೆದು ಅದರ ಬಾಯಿಗೆ ತಾಗಿಸಿದರು. ತಾನಾಗಿಯೇ ಉದುರಿತು. ಅಂದಿನಿಂದ ನನ್ನ ಟೂಲ್ ಬ್ಯಾಗಿನಲ್ಲಿ ಸ್ಪ್ಯಾನರ್ ಜೊತೆ ಒಂದು ಸುಣ್ಣದ ಡಬ್ಬಿ ಇರುತ್ತದೆ. ಉಪ್ಪಿನ ಪುಡಿಯೂ ಆದೀತು. ಇಂಬಳ ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ, ಅದರ ಜೊಲ್ಲಿಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣ ಇದೆ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ, ಅಷ್ಟೇ.

ಇಂಬಳಕ್ಕೆ ಹೆದರಬೇಡಿ, ಆದರೆ ಉಣುಗಿಗೆ, ಅಂದ್ರೆ ಉಣ್ಣೆ ಹುಳಕ್ಕೆ, ಹೆದರಿ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಉಣುಗು ಕಚ್ಚಿ ಬರುವ ಜ್ವರ ಇದು. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಅಂದ್ರೆ ಮಳೆ ನಿಂತು ಕಾಡು ಚೆಂದ ಕಂಡು, ತಿರುಗೋಣ ಅನ್ನಿಸುವ ಕಾಲದಲ್ಲೇ. ಆ ತಿಂಗಳುಗಳಲ್ಲಿ ಕಾಡಂಚಿಗೆ ಹೋಗುವುದಿದ್ದರೆ ಉದ್ದ ತೋಳಿನ ಅಂಗಿ, ಪ್ಯಾಂಟು. ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿ ಮಾತ್ರೆ ನುಂಗಿ ಕೂರಬೇಡಿ. ಡಾಕ್ಟರಿಗೆ ಯಾವ ಊರಿಗೆ, ಯಾವ ಕಾಡಿಗೆ ಹೋಗಿದ್ದಿರಿ ಅಂತ ನೀವಾಗಿಯೇ ಹೇಳಿ. ಈ ಒಂದು ವಿಷಯದಲ್ಲಿ ತಮಾಷೆ ಬೇಡ.

ಇನ್ನೆರಡು ಮಾತು. ತೋಟದ ದಣಪೆ, ಅಂದ್ರೆ ಬೇಲಿಯ ಗೇಟು, ತೆಗೆದು ಒಳಗೆ ಹೋದರೆ, ಮರೆಯದೆ ಹಾಕಿ. ದನ ನುಗ್ಗಿದರೆ ನಿಮ್ಮ ಹೆಸರು ವರ್ಷಗಟ್ಟಲೆ ಉಳಿಯುತ್ತದೆ, ಒಳ್ಳೆ ರೀತಿಯಲ್ಲಲ್ಲ. ಮಳೆಗಾಲದಲ್ಲಿ ಹಳ್ಳದ ಮೇಲಿನ ಕಾಲುಸಂಕವನ್ನು ಒಬ್ಬರೇ ದಾಟಬೇಡಿ. ಅಲ್ಲಿನ ಮಕ್ಕಳು ಓಡಿಕೊಂಡು ದಾಟುತ್ತಾರೆ, ಅದನ್ನು ನೋಡಿ ಹುರುಪಿಗೆ ಬರಬೇಡಿ.

ಮಾತು, ಊಟ

ಉತ್ತರ ಕರ್ನಾಟಕದವರಿಗೆ ಒಂದು ಸೂಚನೆ. ನಾವು ಸುಮ್ನೆ ಮಾತಾಡಿದರೂ ಇಲ್ಲಿಯವರಿಗೆ ಜಗಳದ ಹಾಗೆ ಕೇಳಿಸುತ್ತದೆ. ದನಿ ಒಂಚೂರು ಇಳಿಸಿ, ಸಾಕು, ನಿಮ್ಮ ಮಾತೇ ಬದಲಾಯಿಸಬೇಕಾಗಿಲ್ಲ. ಇಲ್ಲಿಯವರು ಮುಖದ ಮೇಲೆ ಇಲ್ಲ ಅನ್ನುವುದು ಕಡಿಮೆ. "ನೋಡುವ" ಅಂದ್ರೆ ಬಹುಮಟ್ಟಿಗೆ ಬೇಡ ಅಂತ. ಇದು ತಿಳಿಯದೆ "ನೋಡುವ" ಅಂದ ಒಂದೇ ಮನೆಗೆ ನಾನು ನಾಲ್ಕು ಸಲ ಹೋಗಿದ್ದೇನೆ. ನಾಲ್ಕೂ ಸಲ ಊಟ ಹಾಕಿದರು, ಯಂತ್ರ ಮಾತ್ರ ತಗೊಳ್ಳಲಿಲ್ಲ. ಹಾಂ, ಅಡಿಕೆ ಕೊಯ್ಲಿನ ದಿನಗಳಲ್ಲಿ ತೋಟದ ಮನೆಯವರು ಫೋನ್ ಎತ್ತಲಿಲ್ಲ, ಕರೆದಲ್ಲಿಗೆ ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ರಾತ್ರಿಯೆಲ್ಲ ಸುಲಿಯುತ್ತಾ ಕೂತಿರುತ್ತಾರೆ.

ಮಕ್ಕಳ ಬಗ್ಗೆ ಚಿಂತೆ ಬೇಡ, ಶಾಲೆ ಶುರುವಾಗಿ ತಿಂಗಳಲ್ಲಿ "ಎಂತಕ್ಕೆ?" ಅನ್ನಲು ಶುರುಮಾಡುತ್ತಾರೆ. ಪುಣೆ, ಹೈದರಾಬಾದ್‌ನಿಂದ ಬಂದ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅವರಿಗೆ ಸಂಘದಲ್ಲಿ ಶನಿವಾರ ಸಂಜೆ ಪಾಠ ಇದೆ, ದುಡ್ಡಿಲ್ಲ.

ಜೋಳ ಗಾಂಧಿಬಜಾರಿನಲ್ಲಿ ಸಿಗುತ್ತದೆ. ಆದರೆ ಊರಲ್ಲಿದ್ದ ಹಾಗೆ ತಿಂಗಳ ಹಿಟ್ಟು ಒಮ್ಮೆಗೇ ಬೀಸಿಸಬೇಡಿ, ವಾರಕ್ಕಾಗುವಷ್ಟು ಸಾಕು. ಊರಿಂದ ತಂದ ಖಡಕ್ ರೊಟ್ಟಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ, ಮುರಿದರೆ ಸದ್ದೇ ಬರುವುದಿಲ್ಲ. ಆ ಸದ್ದಿಲ್ಲದ ರೊಟ್ಟಿ ತಿಂದಾಗ ಊರು ನೆನಪಾದಷ್ಟು ಇನ್ಯಾವಾಗಲೂ ಆಗುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ, ತಿನ್ನುವ ಮೊದಲು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಇಲ್ಲಿಯ ಅಡುಗೆ ನಿಧಾನ ಒಗ್ಗುತ್ತದೆ. ಅಕ್ಕಿರೊಟ್ಟಿ ಮೊದಲು, ಕಡುಬು ಆಮೇಲೆ, ಪತ್ರೊಡೆ ಎರಡನೇ ವರ್ಷಕ್ಕೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಮೊದಲ ದಿನವೇ. ಪಕ್ಕದ ಮನೆಯವರು ಕಳಲೆ, ಅಂದ್ರೆ ಎಳೆ ಬಿದಿರು, ಕೊಟ್ಟರೆ ಹಾಗೇ ಬೇಯಿಸಬೇಡಿ, ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಹಾಕಬೇಕು. ಹೇಗೆ ಅಂತ ಕೊಟ್ಟವರನ್ನೇ ಕೇಳಿ, ಹೇಳಲು ಒಳಗೇ ಬಂದು ಕೂರುತ್ತಾರೆ. ಪರಿಚಯ ಬೆಳೆಯುವುದು ಹೀಗೆಯೇ.

ಊರಿಗೆ ಹೋಗುವುದು

ಬೆಂಗಳೂರಿನವರು ಪುಣ್ಯವಂತರು. ಜನಶತಾಬ್ದಿ ಇದೆ, ರಾತ್ರಿ ರೈಲಿದೆ, 2023ರಿಂದ ಸೋಗಾನೆಯಲ್ಲಿ ವಿಮಾನವೂ ಇದೆ. ನಮ್ಮ ಕಡೆಗೆ ಹೋಗುವುದು ಸುತ್ತುಬಳಸು. ಬಸ್ಸಲ್ಲಿ ಹೊನ್ನಾಳಿ, ಹರಿಹರದ ಮೇಲೆ ಹುಬ್ಬಳ್ಳಿ. ಇಲ್ಲವಾದರೆ ದಾವಣಗೆರೆಗೆ ಹೋಗಿ ಗೋಲಗುಂಬಜ್ ರೈಲು ಹಿಡಿದರೆ ಬಾಗಲಕೋಟೆ, ವಿಜಯಪುರದಲ್ಲಿ ಇಳಿಯಬಹುದು. ಪಂಚಮಿಗೆ ಸೀಟು ಬೇಕಿದ್ದರೆ ಬುಕಿಂಗ್ ತೆರೆದ ದಿನವೇ ಮಾಡಿ. ಮೊದಲ ವರ್ಷ ಹೆಂಡತಿ ಮಕ್ಕಳನ್ನು ಪಂಚಮಿಗೆ ಕಳಿಸಲೇಬೇಕು, ಸಾಲ ಮಾಡಿಯಾದರೂ. ನಾನು ಕಳಿಸದೆ ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಎಲ್ಲ ಹಬ್ಬಕ್ಕೂ ಹೋಗಲಾಗುವುದಿಲ್ಲ, ನಿಜ. ಆದರೆ ನಮ್ಮ ಶೀಗಿ ಹುಣ್ಣಿಮೆ ಇಲ್ಲಿ ಭೂಮಿ ಹುಣ್ಣಿಮೆ. ಅದೇ ದಿನ, ಅದೇ ಹೊಲದ ಪೂಜೆ. ನಾವು ಚರಗ ಚೆಲ್ಲುತ್ತೇವೆ, ಇವರು ಚಿತ್ತಾರ ಬರೆದ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗುತ್ತಾರೆ. ಯಾರಾದರೂ ಕರೆದರೆ ಹೋಗಿ. ಆ ಹೊತ್ತಿಗೆ ಮಳೆ ಇಳಿದಿರುತ್ತದೆ, ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ, ಗೋಡೆಯೂ ಒಣಗಲು ಶುರುವಾಗಿರುತ್ತದೆ. ವರ್ಗಾವಣೆ ಅರ್ಜಿ ಬರೆಯಲೇಬೇಕು ಅಂತಿದ್ದರೆ ಆಗ ಕೂತು ಬರೆಯಿರಿ.

ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಸಂಘದಲ್ಲಿ ಎಲ್ಲರ ಮನೆ ಊಟ ಸೇರುತ್ತದೆ. ಹಳೇ ರೇನ್‌ಕೋಟು, ಮಕ್ಕಳ ಗಮ್‌ಬೂಟು ಇದ್ದವರು ತಂದಿಟ್ಟಿರುತ್ತಾರೆ, ಬೇಕಾದವರು ಒಯ್ಯಬಹುದು. ರೊಟ್ಟಿ ನಮ್ಮ ಮನೆಯಿಂದ, ಶೇಂಗಾ ಚಟ್ನಿ ನೀವು ತನ್ನಿ. ಮಳೆ ಅಂತ ಸಭೆ ಮುಂದೆ ಹಾಕುವುದಿಲ್ಲ. ಹಾಗೆ ಹಾಕಲು ಹೋದರೆ ಅಕ್ಟೋಬರ್‌ವರೆಗೆ ಸಭೆಯೇ ಆಗುವುದಿಲ್ಲ.